ಅಶ್ವತ್ಥ್ ಬರೀ ಅಪ್ಪನ ಪಾತ್ರದ ನಟರೇ?

'ಸಿನಿಮಾ ತುಂಬ ಅಪ್ಪ, ಮೇಷ್ಟ್ರು ಆಗಿಯೇ ಕಾಣಿಸುವ ಕೆ.ಎಸ್. ಅಶ್ವತ್ಥ್ ಅವರನ್ನು ದೊಡ್ಡ ನಟ ಅಂತ ಯಾಕೆ ಹೊಗಳ್ತೀರಿ' ಅಂತ ಕೇಳಿದ್ದೀರಿ. ನಾನು ಅವರ ಅಭಿಮಾನಿ, ಹಾಗಾಗಿ ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತೆ.

1955ರ 'ಸ್ತ್ರೀರತ್ನ'ದಲ್ಲಿ ಅವರು ನಾಯಕರಾಗಿಯೇ ಬಂದವರು. ಆಮೇಲೆ ಪೋಷಕ ಪಾತ್ರಗಳೇ ಹೆಚ್ಚು ಸಿಕ್ಕವು, ಅದು ನಮ್ಮ ಅದೃಷ್ಟ ಅನ್ನಿ.

ಪುಟ್ಟಣ್ಣ ಕಣಗಾಲರ 'ನಾಗರಹಾವು' (1972) ನೋಡಿ. ಎಲ್ಲರ ಕಣ್ಣು ಶಿಷ್ಯ ರಾಮಾಚಾರಿಯಾದ ವಿಷ್ಣುವರ್ಧನ್ ಮೇಲೆ. ನೀವು ಒಂದು ಸಲ ಅಶ್ವತ್ಥ್ ಮಾಡಿದ ಚಾಮಯ್ಯ ಮೇಷ್ಟ್ರನ್ನು ಮಾತ್ರ ನೋಡುತ್ತಾ ಕೂತುಕೊಳ್ಳಿ. ರಾಮಾಚಾರಿ ಕೂಗಾಡುವಾಗ ಈ ಮನುಷ್ಯ ಏನೂ 'ಮಾಡುವುದಿಲ್ಲ', ಕೇಳಿಸಿಕೊಳ್ಳುತ್ತಾರೆ, ಅಷ್ಟೇ. ಆ ಸಿಟ್ಟು ನಮಗೆ ನಿಜ ಅನ್ನಿಸುವುದು ಅದನ್ನು ತಡೆದುಕೊಳ್ಳುವ ಈ ಮುಖದಿಂದ. ಎದುರಿಗೆ ಅಂಥವರು ಇದ್ದಿದ್ದಕ್ಕೇ ಆ ಹೊಸ ಹುಡುಗ ಅಷ್ಟು ಎತ್ತರಕ್ಕೆ ಹೋದ ಅಂತ ನನ್ನ ವಾದ.

ಇನ್ನೊಂದು ವಿಷಯ. ಚಾಮಯ್ಯ ಒಳ್ಳೆಯವರು, ಆದರೆ ಅವರು ಮಾಡುವುದು ಸರಿಯಲ್ಲ. ಜಾತಿ ಬೇರೆ ಅಂತ ರಾಮಾಚಾರಿ ಪ್ರೀತಿಸಿದ ಅಲಮೇಲುವನ್ನು ಅವನಿಂದ ಬಿಡಿಸುತ್ತಾರೆ, ಅವಳ ಬಾಳು ಹಾಳಾಗುತ್ತದೆ. ಅವನು ಆಮೇಲೆ ಪ್ರೀತಿಸುವ ಮಾರ್ಗರೆಟ್ ವಿಷಯದಲ್ಲೂ ಅದೇ ಹಟ. ಬೇರೆ ಯಾರಾದರೂ ಈ ಪಾತ್ರ ಮಾಡಿದ್ದರೆ ನಾವು ಮೇಷ್ಟ್ರನ್ನು ಬೈದುಕೊಂಡು ಎದ್ದು ಬರುತ್ತಿದ್ದೆವು. ಅಶ್ವತ್ಥ್ ಮಾಡಿದ್ದರಿಂದ ಬೈಯೋಕೂ ಆಗಲ್ಲ, ಒಪ್ಪೋಕೂ ಆಗಲ್ಲ. ಪ್ರೀತಿಯಿಂದಲೇ ತಪ್ಪು ದಾರಿ ತೋರಿಸುವ ಹಿರಿಯರು ನಮ್ಮೆಲ್ಲರ ಮನೆಯಲ್ಲೂ ಇದ್ದಾರಲ್ಲ!

(ಗಾಯಕ ಸಿ. ಅಶ್ವಥ್ ಅವರೇ ಇವರು ಅಂದುಕೊಂಡವರೂ ಇದ್ದಾರೆ. ಅವರು ಬೇರೆ. ಆ ಚಳಿಗಾಲ ಮಾತ್ರ ಬಹಳ ಕೆಟ್ಟದಿತ್ತು: 2009ರ ಡಿಸೆಂಬರ್ 29ಕ್ಕೆ ಸಿ. ಅಶ್ವಥ್, ಮರುದಿನವೇ ವಿಷ್ಣುವರ್ಧನ್. ಮೂರು ವಾರ ತುಂಬುವ ಮೊದಲೇ, 2010ರ ಜನವರಿ 18ಕ್ಕೆ, ನಮ್ಮ ಚಾಮಯ್ಯ ಮೇಷ್ಟ್ರೂ ಹೊರಟರು. ಶಿಷ್ಯ, ಗುರು ಇಬ್ಬರೂ ಕೊನೆಯುಸಿರೆಳೆದದ್ದು ಮೈಸೂರಿನಲ್ಲೇ.)

'ನಾಗರಹಾವು' ಆದಮೇಲೆ 'ಕಸ್ತೂರಿ ನಿವಾಸ' (1971) ನೋಡಿ. ಅದರಲ್ಲಿ ಅವರು ಅಪ್ಪನೂ ಅಲ್ಲ, ಮೇಷ್ಟ್ರೂ ಅಲ್ಲ, ರಾಜ್‌ಕುಮಾರ್ ಮನೆಯ ಆಳು ರಾಮಯ್ಯ. ಯಜಮಾನನ ಕೈ ಬರಿದಾಗುತ್ತಾ ಬಂದ ಹಾಗೆ ರಾಮಯ್ಯನ ಮುಖ ನೋಡಿ, ಆಮೇಲೆ ಇಲ್ಲಿಗೇ ಬಂದು ಜಗಳ ಆಡೋಣ.