ಕಾಸರಗೋಡಿನ ಕನ್ನಡದ ಮಕ್ಕಳು ಸನ್ನದು ಪಡೆಯುವುದು ಎಲ್ಲಿ?

ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು ವಕೀಲರಾಗಬೇಕಾದರೆ ಸನ್ನದಿಗೆ, ಅಂದರೆ ವಕೀಲಿಯ ಪರವಾನಗಿಗೆ, ಬೆಂಗಳೂರಿಗೆ ಅರ್ಜಿ ಹಾಕಬೇಕೋ ಎರ್ನಾಕುಳಕ್ಕೋ ಎಂದು ಕೇಳಿದ್ದೀರಿ. ಯಾವ ಕೋರ್ಟಿನಲ್ಲಿ ನಿಂತು ವಾದಿಸುವ ಮನಸ್ಸಿದೆಯೋ ಆ ರಾಜ್ಯದ ಬಾರ್ ಕೌನ್ಸಿಲಿಗೆ, ಅಂದರೆ ವಕೀಲರ ಪಟ್ಟಿ ಇಡುವ ಮಂಡಳಿಗೆ. 1961ರ ವಕೀಲರ ಕಾಯ್ದೆ ಹೇಳುವುದೂ ಅದನ್ನೇ. ವಿದ್ಯಾನಗರದ ಜಿಲ್ಲಾ ಕೋರ್ಟು, ಹೊಸದುರ್ಗದ ಕೋರ್ಟುಗಳು ಕೇರಳ ಹೈಕೋರ್ಟಿನ ಕೆಳಗೆ ಬರುತ್ತವೆ. ಊರಲ್ಲೇ ವಕೀಲಿ ಮಾಡುವವರಿಗೆ ಕೇರಳ ಬಾರ್ ಕೌನ್ಸಿಲ್ಲೇ ಸರಿ.

ಓದು ಮಾತ್ರ ಎಲ್ಲಿ ಬೇಕಾದರೂ ಆಗಬಹುದು. ನಮ್ಮ ಕಡೆಯ ಎಷ್ಟೋ ಮಕ್ಕಳು ಮಂಗಳೂರಿಗೆ ದಿನಾ ಹೋಗಿ ಬಂದು ಎಲ್‌ಎಲ್‌ಬಿ ಮುಗಿಸುತ್ತಾರೆ. ಡಿಗ್ರಿ ಆದವರಿಗೆ ಮೂರು ವರ್ಷ, ಪ್ಲಸ್ ಟು ಆದವರಿಗೆ ಐದು ವರ್ಷ. ಸೇರಲು ಸಾಮಾನ್ಯ ವರ್ಗಕ್ಕೆ ಶೇ. 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40 ಅಂಕ ಬೇಕು. ಕಾಲೇಜಿಗೆ ಬಾರ್ ಕೌನ್ಸಿಲ್ ಆಫ್ ಇಂಡಿಯಾದ ಮಾನ್ಯತೆ ಇದೆಯೇ ಎಂದು ಸೇರುವ ಮೊದಲೇ ನೋಡಿಕೊಳ್ಳಬೇಕು. ಮುಗಿಸಿದ ಮೇಲೆ ನೋಡಿದರೆ ಪ್ರಯೋಜನವಿಲ್ಲ.

ಅರ್ಜಿ ಸಿಕ್ಕಿಬೀಳುವುದು ಹೆಚ್ಚಾಗಿ ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ 'ಗಣೇಶ ಕೆ.', ಕರ್ನಾಟಕದ ಅಂಕಪಟ್ಟಿಯಲ್ಲಿ 'ಕೆ. ಗಣೇಶ್', ಆಧಾರಿನಲ್ಲಿ ಮನೆತನದ ಹೆಸರೂ ಸೇರಿ ಉದ್ದದ್ದು. ಗಡಿ ದಾಟಿ ಓದಿದವರಲ್ಲಿ ಇದು ತೀರಾ ಸಾಮಾನ್ಯ. ಇದಕ್ಕೆ ಕೇರಳದಲ್ಲಿ ವಿಲೇಜ್ ಆಫೀಸಿನಿಂದ ಈ ಹೆಸರೆಲ್ಲ ಒಬ್ಬರದೇ ಎನ್ನುವ 'ಒನ್ ಆ್ಯಂಡ್ ದಿ ಸೇಮ್' ಸರ್ಟಿಫಿಕೇಟ್ ಸಿಗುತ್ತದೆ. ಅಕ್ಷಯ ಕೇಂದ್ರದಲ್ಲಿ (ಕೇರಳದ ಆನ್‌ಲೈನ್ ಸೇವಾ ಕೇಂದ್ರ) ಅರ್ಜಿ ಕೊಡಬಹುದು. ಹೆಸರು ಎಷ್ಟು ಬಗೆಯಲ್ಲಿ ಬಂದಿದೆಯೋ ಅಷ್ಟನ್ನೂ ಅಕ್ಷರ ತಪ್ಪದೆ ಅದರಲ್ಲಿ ಬರೆಸಿ. ಒಂದು ರೂಪ ಬಿಟ್ಟುಹೋದರೂ ಮತ್ತೆ ಮೊದಲಿಂದ ಶುರು. ಎಲ್‌ಎಲ್‌ಬಿ ಕೊನೆಯ ವರ್ಷದಲ್ಲೇ ಇದನ್ನು ಮುಗಿಸಿಡುವುದು ಜಾಣತನ.

ಸನ್ನದಿನ ಶುಲ್ಕದ ಬಗ್ಗೆ ಮನೆಯವರಿಗೆ ಹೆದರಿಕೆ ಇರುತ್ತದೆ. ಮೊದಲು ರಾಜ್ಯ ರಾಜ್ಯದಲ್ಲಿ ಸಾವಿರಗಟ್ಟಲೆ ವಸೂಲಿ ಮಾಡುತ್ತಿದ್ದದ್ದು ನಿಜ. 2024ರ ಜುಲೈ 30ರಂದು ಸುಪ್ರೀಂ ಕೋರ್ಟು ಅದನ್ನು ತಡೆಯಿತು. ಕಾಯ್ದೆಯಲ್ಲಿ ಇರುವ ಹಾಗೆ ರಾಜ್ಯದ ಕೌನ್ಸಿಲ್, ಬಾರ್ ಕೌನ್ಸಿಲ್ ಆಫ್ ಇಂಡಿಯಾ ಎರಡರದ್ದೂ ಸೇರಿ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125. ಸ್ಟಾಂಪ್ ಡ್ಯೂಟಿ ಇದ್ದರೆ ಅದು ಬೇರೆ. ಬಡವರ ಮನೆಯ ಮಕ್ಕಳಿಗೆ ಈ ತೀರ್ಪು ದೊಡ್ಡ ಉಪಕಾರ.

ಸನ್ನದು ಸಿಕ್ಕಿದ ಮೇಲೆ ಎರಡು ವರ್ಷದೊಳಗೆ ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಬೇಕು. ನೂರು ಪ್ರಶ್ನೆ, ತಪ್ಪಿಗೆ ಅಂಕ ಕಡಿತವಿಲ್ಲ. ಸಾಮಾನ್ಯ ಮತ್ತು ಹಿಂದುಳಿದ ವರ್ಗಕ್ಕೆ ಶೇ. 45, ಪರಿಶಿಷ್ಟರಿಗೆ 40. ಕಾಯ್ದೆಯ ಮೂಲಪಠ್ಯ ಒಯ್ಯಬಹುದು, ಟಿಪ್ಪಣಿ ಇರುವ ಪುಸ್ತಕ ನಡೆಯುವುದಿಲ್ಲ. ಅಂಗಡಿಯಲ್ಲಿ ಕೊಳ್ಳುವಾಗ ಒಳಗೆ ವ್ಯಾಖ್ಯಾನ ಇದೆಯೇ ಎಂದು ತಿರುವಿ ನೋಡಿ. 2024ರ ಜುಲೈ 1ರಿಂದ ಭಾರತೀಯ ದಂಡ ಸಂಹಿತೆಯ (ಐಪಿಸಿ) ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂದಿರುವುದರಿಂದ ಅಣ್ಣಂದಿರ ಹಳೇ ಐಪಿಸಿ ಪುಸ್ತಕ ಸಾಲದು. ಮುಂದೆ ಸಿವಿಲ್ ಜಡ್ಜ್ ಆಗುವ ಆಸೆ ಇದ್ದವರಿಗೆ ಇನ್ನೊಂದು ಮಾತು: ಸುಪ್ರೀಂ ಕೋರ್ಟಿನ 2025ರ ಮೇ ತಿಂಗಳ ತೀರ್ಪಿನ ಪ್ರಕಾರ ಅದಕ್ಕೆ ಮೂರು ವರ್ಷದ ವಕೀಲಿ ಬೇಕು, ಲೆಕ್ಕ ಶುರುವಾಗುವುದು ಬಾರ್ ಪರೀಕ್ಷೆಗೆ ಮೊದಲು ಸಿಗುವ ತಾತ್ಕಾಲಿಕ ಸನ್ನದಿನ ದಿನದಿಂದ. ಸನ್ನದು ಮುಂದೂಡಿದಷ್ಟೂ ನಷ್ಟ.

ಇಷ್ಟೆಲ್ಲ ಕಾಗದದ ಕೆಲಸ. ನಿಜವಾದ ಕಷ್ಟ ಮಲಯಾಳ. ಮಾತಾಡಲು ಎಲ್ಲರಿಗೂ ಬರುತ್ತದೆ, ಆದರೆ ಪೊಲೀಸರು ಕೈಬರಹದಲ್ಲಿ ಬರೆದ ಹೇಳಿಕೆಯನ್ನು ಓದಿ, ಅದರಲ್ಲಿ ಎಲ್ಲಿ ಎಡವಟ್ಟಿದೆ ಎಂದು ಹಿಡಿಯುವಷ್ಟು ಬರಬೇಕು. ಕನ್ನಡ ಮಾಧ್ಯಮದವರು ಕಾನೂನು ಓದುವ ಹೊತ್ತಿಗೇ ದಿನಕ್ಕೊಂದು ಪುಟ ಮಲಯಾಳ ಬರೆದು ಅಭ್ಯಾಸ ಮಾಡದಿದ್ದರೆ ಸೀನಿಯರ್ ಆಫೀಸಿನಲ್ಲಿ ಗುಮಾಸ್ತರ ಮುಖ ನೋಡಿಕೊಂಡು ಕೂರಬೇಕಾಗುತ್ತದೆ.

ಆದರೆ ಅದೇ ಆಫೀಸಿಗೆ ಒಂದು ಜಾಗದ ತಕರಾರು ಬರಲಿ, ಆಗ ಕನ್ನಡ ಬಲ್ಲ ಜೂನಿಯರಿನ ಬೆಲೆ ತಿಳಿಯುತ್ತದೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಯದ್ದು. ಅಂದಿನ ಮೂಲಗೇಣಿ (ಶಾಶ್ವತ ಗೇಣಿ), ಚಾಲಗೇಣಿ (ವರ್ಷದ ಗೇಣಿ) ಚೀಟುಗಳು, ಪಾಲುಪಟ್ಟಿಗಳು ಕನ್ನಡದಲ್ಲಿವೆ, ಅಂಕಿಗಳೂ ಎಷ್ಟೋ ಕಡೆ ಕನ್ನಡದವೇ. ಗೇಣಿ ಇಷ್ಟು ಮುಡಿ ಅಕ್ಕಿ ಎಂದಿದ್ದರೆ ಅದು ಶಾಶ್ವತ ಗೇಣಿಯೋ ವರ್ಷದ ಗೇಣಿಯೋ, ವರ್ಗದ (ಪಟ್ಟಾ ಜಮೀನಿನ) ಪಕ್ಕದ ನೂರು ಗಜದ ಕುಮ್ಕಿಯ (ವರ್ಗದಾರನಿಗೆ ಸೊಪ್ಪು, ಮೇವಿನ ಹಕ್ಕಿರುವ ಸರ್ಕಾರಿ ಜಾಗದ) ಮಾತಿದೆಯೋ ಎಂದು ಓದಿ ಹೇಳಬೇಕು. ಅಳಿಯಸಂತಾನದ (ಆಸ್ತಿ ಹೆಣ್ಣಿನ ಕಡೆಯಿಂದ ಸಾಗುವ) ಮನೆಗಳ ಪಾಲುಪಟ್ಟಿಯಾದರೆ ಕೇರಳವು ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದು ಮಾಡಿದ 1975ರ ಕಾಯ್ದೆಗೆ ಮೊದಲೋ ನಂತರವೋ ಎಂಬುದು ಮುಖ್ಯ. ಅನುವಾದದಲ್ಲಿ 'ಮೂಲಗೇಣಿ' ಬರೀ 'ಬಾಡಿಗೆ' ಆಗಿಬಿಟ್ಟರೆ ಕೇಸಿನ ಬುಡವೇ ಹೋಗುತ್ತದೆ. ಈ ದಾಖಲೆ ಓದಬಲ್ಲವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ, ಅದು ನಮಗೆಲ್ಲ ಚಿಂತೆಯ ವಿಷಯ.

ಒಮ್ಮೆ ಕೇರಳದಲ್ಲಿ ಸನ್ನದು ಪಡೆದರೆ ಮಂಗಳೂರು ಮುಚ್ಚಿಹೋಯಿತೆಂದಲ್ಲ. ಎರಡು ರಾಜ್ಯದ ಪಟ್ಟಿಯಲ್ಲಿ ಒಟ್ಟಿಗೆ ಹೆಸರು ಇರುವಂತಿಲ್ಲ, ಆದರೆ ವಕೀಲರ ಕಾಯ್ದೆಯ 18ನೇ ಕಲಮಿನಡಿ ಹೆಸರನ್ನು ಕರ್ನಾಟಕಕ್ಕೆ ವರ್ಗಾಯಿಸಿಕೊಳ್ಳಬಹುದು. ಶಿಸ್ತು ಕ್ರಮದ ದೂರು ಬಾಕಿ ಇದ್ದರೆ ಮಾತ್ರ ಆಗುವುದಿಲ್ಲ.