ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಇಲ್ಲದೆ ಸೈಟ್ ತೆರೆಯದಿದ್ದರೆ
ಮುಂದೆ ಮೂರು ಡಬ್ಲ್ಯೂ ಹಾಕಿದರೆ ನಿಮ್ಮ ಕಕ್ಕಬ್ಬೆ ಹೋಂಸ್ಟೇ ಸೈಟ್ ಬರುತ್ತದೆ, ಬರೀ ಹೆಸರು ಹೊಡೆದರೆ ಬರುವುದಿಲ್ಲ ಅಂದ್ರೆ ತಪ್ಪು ಹೆಚ್ಚಾಗಿ ಡಿಎನ್‌ಎಸ್‌ನಲ್ಲಿ, ಅಂದ್ರೆ ಸೈಟ್ ಹೆಸರಿಗೆ ಸರ್ವರ್ ವಿಳಾಸ ಹೇಳುವ ವ್ಯವಸ್ಥೆಯಲ್ಲಿರುತ್ತದೆ, ಸುಮ್ನೆ ಮಳೆಗಾಲದ ನೆಟ್‌ವರ್ಕನ್ನು ಬೈಯಬೇಡಿ. ಅವೆರಡೂ ಬೇರೆ ಬೇರೆ ಹೆಸರು. ಒಂದಕ್ಕೆ ದಾರಿ ತೋರಿಸಿದ್ದೀರಿ, ಇನ್ನೊಂದಕ್ಕೆ ಇಲ್ಲ, ಅಷ್ಟೇ.

ಡೊಮೇನ್ (ಸೈಟ್ ಹೆಸರು) ಕೊಂಡ ಕಡೆ ಲಾಗಿನ್ ಆಗಿ ಡಿಎನ್‌ಎಸ್ ಪುಟ ತೆರೆಯಿರಿ. ನೇಮ್‌ಸರ್ವರ್ (ಈ ಡಿಎನ್‌ಎಸ್ ವಿವರ ಇಟ್ಟುಕೊಳ್ಳುವ ಸರ್ವರ್) ಬೇರೆ ಕಂಪನಿಯದ್ದಾಗಿದ್ದರೆ ಅವರ ಪುಟದಲ್ಲೇ ತಿದ್ದಬೇಕು, ಇದನ್ನು ನೋಡದೆ ನಾನು ಅರ್ಧ ದಿನ ಹಾಳು ಮಾಡಿಕೊಂಡಿದ್ದೆ. ಅಲ್ಲಿ ಹೊಸ 'ಎ' ರೆಕಾರ್ಡ್ (ಹೆಸರನ್ನು ಐಪಿಗೆ, ಅಂದ್ರೆ ಸರ್ವರ್ ವಿಳಾಸದ ನಂಬರಿಗೆ ಜೋಡಿಸುವ ಸಾಲು) ಸೇರಿಸಿ: ಹೆಸರಿನ ಜಾಗದಲ್ಲಿ @ (ಡಬ್ಲ್ಯೂಗಳಿಲ್ಲದ ಬರೀ ಹೆಸರು ಅಂತ ಅರ್ಥ), ಎದುರಿಗೆ ನಿಮ್ಮ ಸೈಟ್ ಇಟ್ಟಿರುವ ಹೋಸ್ಟಿಂಗ್‌ನವರು ಕೊಟ್ಟ ಐಪಿ ನಂಬರ್. ಹಳೇ ಐಪಿ ಇದ್ದರೆ ಅದನ್ನೇ ಬದಲಿಸಿ. ಟಿಟಿಎಲ್ (ಹಳೇ ವಿವರ ನೆನಪಿನಲ್ಲಿಟ್ಟುಕೊಳ್ಳುವ ಅವಧಿ) 3600 ಅಂತಿದ್ದರೆ ಅದು ಸೆಕೆಂಡು, ಒಂದು ಗಂಟೆ ಕಾದು ನೋಡಿ.

ಸೈಟ್ ಬಂದರೂ ಸುರಕ್ಷಿತವಲ್ಲ ಅಂತ ತೋರಿಸಿದರೆ, ಎಸ್‌ಎಸ್‌ಎಲ್ ಸರ್ಟಿಫಿಕೇಟನ್ನು (ಸಂಪರ್ಕ ಸುರಕ್ಷಿತ ಅಂತ ಬ್ರೌಸರ್‌ಗೆ ತೋರಿಸುವ ಪ್ರಮಾಣಪತ್ರ) ಎರಡೂ ಹೆಸರಿಗೆ ಮಾಡಿಸಿಕೊಳ್ಳಿ.