ಮಲಗಿದಷ್ಟೂ ಸುಸ್ತು ಯಾಕೆ?

ನಿಮ್ಮ ಪತ್ರ ಓದಿದೆ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಇದೇ ಗೊಂದಲ ಎಷ್ಟೋ ಮನೆಗಳಲ್ಲಿ ಇರುವುದರಿಂದ ಉತ್ತರವನ್ನು ಇಲ್ಲೇ ಬರೆಯುತ್ತಿದ್ದೇನೆ.

ನೀವು ಬರೆದದ್ದು ಇಷ್ಟು. ಅಮ್ಮನಿಗೆ 58 ವರ್ಷ, ಸ್ತನ ಕ್ಯಾನ್ಸರ್. ಆಪರೇಷನ್‌ನಲ್ಲಿ ಎಡ ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದಾರೆ. ಕೀಮೋ ಮುಗಿದಿದೆ, ರೇಡಿಯೇಷನ್ ನಡೆಯುತ್ತಿದೆ. ದಿನಾ ಸ್ವಲ್ಪ ನಡೆಯಿರಿ, ಕೈ ಆಡಿಸಿ ಎಂದು ಫಿಸಿಯೋಥೆರಪಿಸ್ಟ್ ಹೇಳಿದ್ದಾರೆ. ಮನೆಯಲ್ಲಿ ದೊಡ್ಡಮ್ಮ, ಅತ್ತೆ ಎಲ್ಲರೂ ಸೇರಿ ‘ಎಡಗೈಲಿ ಒಂದು ಲೋಟ ನೀರೂ ಎತ್ತಬೇಡ, ಸುಮ್ನೆ ಮಲಗು’ ಎನ್ನುತ್ತಾರೆ. ಅಮ್ಮ ಮಲಗಿಯೇ ಇದ್ದಾರೆ. ಸುಸ್ತು ಮಾತ್ರ ಹೆಚ್ಚುತ್ತಲೇ ಇದೆ. ‘ಯಾರ ಮಾತು ಕೇಳೋಣ?’ ಎಂದು ಕೇಳಿದ್ದೀರಿ.

ಫಿಸಿಯೋಥೆರಪಿಸ್ಟ್ ಮಾತು ಕೇಳಿ. ದೊಡ್ಡಮ್ಮನ ಪ್ರೀತಿಯಲ್ಲಿ ಕೊರತೆ ಇಲ್ಲ. ಆದರೆ ಅವರು ಹೇಳುತ್ತಿರುವುದು ಹಳೇ ಕಾಲದ ವೈದ್ಯರೂ ಹೇಳುತ್ತಿದ್ದ ಮಾತು. ಕ್ಯಾನ್ಸರ್ ಅಂದರೆ ವಿಶ್ರಾಂತಿ ಎಂದೇ ಆಗ ನಂಬಿದ್ದರು. 1980ರ ದಶಕದಲ್ಲಿ ಅಮೆರಿಕದಲ್ಲಿ ಕೀಮೋ ತೆಗೆದುಕೊಳ್ಳುತ್ತಿದ್ದ ಹೆಂಗಸರಿಗೆ ನಿಂತಲ್ಲೇ ತುಳಿಯುವ ಸೈಕಲ್ ಕೊಟ್ಟು ನೋಡಿದಾಗಿನಿಂದ ಆ ನಂಬಿಕೆ ಸಡಿಲವಾಗುತ್ತಾ ಬಂತು.

ಮೊದಲು ಸುಸ್ತಿನ ವಿಷಯ. ದಿನವಿಡೀ ದುಡಿದು ಬರುವ ಆಯಾಸ ಬೇರೆ, ಇದು ಬೇರೆ. ಆ ಆಯಾಸ ಒಂದು ರಾತ್ರಿ ನಿದ್ದೆ ಮಾಡಿದರೆ ಹೋಗುತ್ತದೆ. ಕ್ಯಾನ್ಸರ್ ಮತ್ತು ಚಿಕಿತ್ಸೆಯಿಂದ ಬರುವ ಸುಸ್ತು ಎಷ್ಟು ಮಲಗಿದರೂ ಹೋಗುವುದಿಲ್ಲ. ರಕ್ತ ಕಡಿಮೆಯಾಗಿರುತ್ತದೆ, ಮೈಯೊಳಗೆ ಉರಿಯೂತ ಇರುತ್ತದೆ, ನಿದ್ದೆ ಕೆಟ್ಟಿರುತ್ತದೆ, ಮನಸ್ಸು ಕುಗ್ಗಿರುತ್ತದೆ. ಇದರ ಮೇಲೆ ಮಲಗಿಯೇ ಇದ್ದರೆ ತೊಡೆಯ ಸ್ನಾಯು ಕರಗುತ್ತಾ ಹೋಗುತ್ತದೆ. ಆಗ ಬಚ್ಚಲಿಗೆ ಹೋಗಿ ಬರುವುದೂ ದೊಡ್ಡ ಕೆಲಸ ಅನ್ನಿಸುತ್ತದೆ. ಸುಸ್ತಾಯಿತು ಅಂತ ಮತ್ತೆ ಮಲಗುತ್ತಾರೆ, ಸ್ನಾಯು ಇನ್ನಷ್ಟು ಕರಗುತ್ತದೆ. ನಿಮ್ಮ ಅಮ್ಮ ಈ ಸುಳಿಯಲ್ಲಿ ಸಿಕ್ಕಿರಬಹುದು ಅಂತ ನನಗೆ ಅನ್ನಿಸುತ್ತದೆ. ರಕ್ತಹೀನತೆ, ಥೈರಾಯ್ಡ್ ಇವನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಅವಕ್ಕೆ ಬೇರೆಯೇ ಔಷಧ ಇದೆ. ಅವೆರಡೂ ಸರಿ ಇದ್ದರೆ, ಈ ಸುಸ್ತಿಗೆ ಇರುವ ಒಳ್ಳೆಯ ಉಪಾಯಗಳಲ್ಲಿ ಅಳತೆಯ ವ್ಯಾಯಾಮವೇ ಮುಂದಿನ ಸಾಲಿನಲ್ಲಿದೆ.

ಅಳತೆ ಎಂದರೆ ಎಷ್ಟು? 2019ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ತಜ್ಞರ ಸಲಹೆ ಹೀಗಿದೆ: ವಾರಕ್ಕೆ 3 ಸಲ, ಸಲಕ್ಕೆ 30 ನಿಮಿಷ, ಉಸಿರು ಸ್ವಲ್ಪ ಏರುವಂಥ ನಡಿಗೆ ಅಥವಾ ಸೈಕಲ್. ಜೊತೆಗೆ ವಾರಕ್ಕೆ 2 ಸಲ ಸ್ನಾಯು ಬಲಪಡಿಸುವ ವ್ಯಾಯಾಮ. ಇದು ತಲುಪಬೇಕಾದ ಗುರಿ, ನಾಳೆಯೇ ಶುರು ಮಾಡುವ ಲೆಕ್ಕ ಅಲ್ಲ. ಅಮ್ಮ 5 ನಿಮಿಷ ನಡೆದು ಕೂತರೆ ಸಾಕು. ಸಂಜೆ ಇನ್ನೊಂದು 5 ನಿಮಿಷ. ನಡೆಯುವಾಗ ನಿಮ್ಮ ಜೊತೆ ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ವೇಗ ಅಷ್ಟಿದ್ದರೆ ಸರಿ. ಮಾತೂ ಕಡಿದು ಕಡಿದು ಬರುತ್ತಿದ್ದರೆ ನಿಧಾನ ಮಾಡಿ. ಕೀಮೋ, ರೇಡಿಯೇಷನ್ ನಡೆಯುವಾಗ ಒಂದು ದಿನ ಚೆನ್ನಾಗಿರುತ್ತದೆ, ಮರುದಿನ ಏಳಲೂ ಆಗುವುದಿಲ್ಲ. ಆಗದ ದಿನ ಕಡಿಮೆ ಮಾಡಿ, ಆದರೆ ಪೂರ್ತಿ ಬಿಡಬೇಡಿ.

ಮನೆಯಲ್ಲೇ ಮಾಡಬಹುದಾದ ಒಂದನ್ನು ವಿವರವಾಗಿ ಹೇಳುತ್ತೇನೆ. ಕೈ ಇಲ್ಲದ ಗಟ್ಟಿ ಕುರ್ಚಿಯನ್ನು ಜಾರದಂತೆ ಗೋಡೆಗೆ ಒತ್ತಿ ಇಡಿ. ಅಮ್ಮ ಅದರ ಅಂಚಿಗೆ ಬಂದು ಕೂರಲಿ. ಪಾದ ಎರಡೂ ನೆಲಕ್ಕೆ ಊರಿರಲಿ, ಮಂಡಿಗಿಂತ ಸ್ವಲ್ಪ ಹಿಂದಕ್ಕೆ. ಎದೆ ಮುಂದಕ್ಕೆ ಬಾಗಿಸಿ, ಉಸಿರು ಬಿಡುತ್ತಾ ಎದ್ದು ನಿಲ್ಲಲಿ. ಕೂರುವಾಗ ದೊಪ್ಪೆಂದು ಬೀಳದೆ, ತೊಡೆಯಲ್ಲೇ ಭಾರ ಹಿಡಿದು ನಿಧಾನವಾಗಿ ಇಳಿಯಲಿ. ಈ ಇಳಿಯುವುದರಲ್ಲೇ ಅರ್ಧ ಲಾಭ ಇದೆ. ಮೊದಲ ವಾರ 4 ಅಥವಾ 5 ಸಲ ಆದರೂ ಸಾಕು. ತಲೆ ಸುತ್ತಬಹುದು, ಹಾಗಾಗಿ ನೀವು ಪಕ್ಕದಲ್ಲೇ ಇರಬೇಕು.

ಇನ್ನು ಆ ಎಡಗೈ. ದೊಡ್ಡಮ್ಮನ ಹೆದರಿಕೆ ಸುಳ್ಳಲ್ಲ. ಕಂಕುಳಿನ ಗ್ರಂಥಿ ತೆಗೆದ ಮೇಲೆ ಕೆಲವರಿಗೆ ದುಗ್ಧರಸ (ಲಿಂಫ್) ಎಂಬ ದ್ರವ ನಿಂತು ಕೈ ಊದಿಕೊಳ್ಳುತ್ತದೆ, ಲಿಂಫೆಡಿಮಾ ಅನ್ನುತ್ತಾರೆ. ಆದರೆ ಆ ದ್ರವವನ್ನು ಮೇಲಕ್ಕೆ ತಳ್ಳಲು ಹೃದಯದಂಥ ಅಂಗ ಇಲ್ಲ. ನಾಳಗಳು ತಾವೇ ಸ್ವಲ್ಪ ಒತ್ತುತ್ತವೆ, ಸ್ನಾಯು ಬಿಗಿಯಾಗಿ ಸಡಿಲವಾದಾಗ ಇನ್ನಷ್ಟು ಸಾಗುತ್ತದೆ. ಕೈಯನ್ನು ಅಲುಗಾಡಿಸದೆ ಇಟ್ಟರೆ ಆ ಸಹಾಯವೂ ತಪ್ಪುತ್ತದೆ, ಮೇಲಾಗಿ ಭುಜ ಹಿಡಿದುಕೊಳ್ಳುತ್ತದೆ. 2009ರಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಆಗಲೇ ಕೈ ಊದಿದ್ದ 141 ಹೆಂಗಸರಲ್ಲಿ ಅರ್ಧದಷ್ಟು ಮಂದಿ ಒಂದು ವರ್ಷ ವಾರಕ್ಕೆ 2 ಸಲ ತೂಕ ಎತ್ತಿದರು. ತೀರಾ ಕಡಿಮೆ ತೂಕದಿಂದ ಶುರು ಮಾಡಿ, ಕೈಗೆ ಬಿಗಿ ತೋಳು (ಕೈಯನ್ನು ಒತ್ತಿ ಹಿಡಿಯುವ ಬಟ್ಟೆಯ ತೋಳು) ಹಾಕಿಕೊಂಡು, ಮೊದಲ ತಿಂಗಳುಗಳಲ್ಲಿ ತರಬೇತಿ ಕೊಡುವವರ ಕಣ್ಣೆದುರೇ. ಊತ ಜಾಸ್ತಿಯಾದವರ ಸಂಖ್ಯೆ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ. ತಜ್ಞರು ಪರೀಕ್ಷಿಸಿ ಹೇಳಿದಂತೆ ತೊಂದರೆ ಉಲ್ಬಣಿಸಿದ್ದು ಎತ್ತಿದವರಲ್ಲಿ 14%, ಎತ್ತದವರಲ್ಲಿ 29%. ಇದನ್ನು ದೊಡ್ಡಮ್ಮನಿಗೆ ದಯವಿಟ್ಟು ಓದಿ ಹೇಳಿ.

ಸದ್ಯಕ್ಕೆ ಅಮ್ಮ ಗೋಡೆಗೆ ಮುಖ ಮಾಡಿ ನಿಂತು, ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆ ನಡೆಸಲಿ. ಎಳೆತ ಗೊತ್ತಾಗುವಲ್ಲಿ ನಿಲ್ಲಿಸಲಿ, ಚುರುಕ್ಕನೆ ನೋವಾಗುವ ತನಕ ಅಲ್ಲ. ರೇಡಿಯೇಷನ್ ಚರ್ಮವನ್ನು ಬಿಗಿ ಮಾಡುತ್ತದೆ, ಹಾಗಾಗಿ ಅದು ಮುಗಿದ ಮೇಲೂ ತಿಂಗಳುಗಟ್ಟಲೆ ಮುಂದುವರಿಸಬೇಕು.

ಎಲ್ಲರಿಗೂ ಇದೇ ಪಟ್ಟಿ ಅಲ್ಲ. ಬಾಯಿ, ಗಂಟಲ ಕ್ಯಾನ್ಸರ್ ಇರುವವರಿಗೆ ದವಡೆ ತೆರೆಯುವ, ನುಂಗುವ ವ್ಯಾಯಾಮ ಬೇಕು. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹಾರ್ಮೋನ್ ತಡೆಯುವ ಚಿಕಿತ್ಸೆಯಲ್ಲಿರುವ ಗಂಡಸರಿಗೆ ಸ್ನಾಯು, ಮೂಳೆ ಎರಡೂ ಸವೆಯುತ್ತವೆ, ಅವರಿಗೆ ತೂಕದ ವ್ಯಾಯಾಮ ಮುಖ್ಯ. ಕ್ಯಾನ್ಸರ್ ಮೂಳೆಗೆ ಹಬ್ಬಿದ್ದರೆ ಮಾತ್ರ ತಜ್ಞರನ್ನು ಕೇಳದೆ ಬಾಗುವುದು, ತಿರುಚುವುದು, ಭಾರ ಎತ್ತುವುದು ಏನೂ ಬೇಡ. ಮೂಳೆ ಮುರಿಯುವ ಅಪಾಯ ಇರುತ್ತದೆ. ಜ್ವರ ಬಂದ ದಿನ ವ್ಯಾಯಾಮ ಬಿಟ್ಟು ಡಾಕ್ಟರಿಗೆ ಫೋನ್ ಮಾಡಿ. ಎದೆನೋವು, ವಿಪರೀತ ಏದುಸಿರು ಬಂದರೂ ಅಷ್ಟೇ. ಕೀಮೋದಿಂದ ಪಾದ ಜೋಮು ಹಿಡಿದಿದ್ದರೆ ಬೀಳುವ ಭಯ, ಕುರ್ಚಿಯ ಮೇಲೆ ಕೂತು ಮಾಡುವುದೇ ಕ್ಷೇಮ.

‘ವ್ಯಾಯಾಮ ಮಾಡಿದರೆ ಕ್ಯಾನ್ಸರ್ ವಾಪಸ್ ಬರುವುದಿಲ್ಲವಾ?’ ಎಂದೂ ಕೇಳಿದ್ದೀರಿ. ಹಾಗೆ ಭರವಸೆ ಕೊಡಲಾರೆ. 2025ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಆದ 889 ಜನರ ಅಧ್ಯಯನ ಪ್ರಕಟವಾಯಿತು. ಆಪರೇಷನ್, ಕೀಮೋ ಮುಗಿಸಿದ ಮೇಲೆ ಒಂದು ಗುಂಪಿಗೆ 3 ವರ್ಷ ವ್ಯಾಯಾಮದ ಮಾರ್ಗದರ್ಶನ, ಇನ್ನೊಂದಕ್ಕೆ ಆರೋಗ್ಯದ ಪುಸ್ತಿಕೆ. 8 ವರ್ಷದ ನಂತರ ಬದುಕಿದ್ದವರು ಮೊದಲ ಗುಂಪಿನಲ್ಲಿ ಸುಮಾರು 90%, ಎರಡನೆಯದರಲ್ಲಿ ಸುಮಾರು 83%. ದೊಡ್ಡ ಸುದ್ದಿಯೇ ಇದು. ಆದರೆ ಅದು ಕರುಳಿನ ಕ್ಯಾನ್ಸರ್ ಲೆಕ್ಕ, ಅಮ್ಮನ ಕಾಯಿಲೆಗೆ ಅದನ್ನೇ ಹಚ್ಚಿ ಹೇಳಲು ಆಗದು. ಮತ್ತೆ ಕಾಯಿಲೆ ಮರುಕಳಿಸಿದವರು ತಾವು ಸರಿಯಾಗಿ ನಡೆಯಲಿಲ್ಲ ಎಂದು ಕೊರಗುವಂತೆ ಯಾರೂ ಮಾಡಬಾರದು.

ನನ್ನ ಅಭಿಪ್ರಾಯ ಕೇಳಿದರೆ, ಮನೆಗೆ ಕಳಿಸುವಾಗ ಕೊಡುವ ಚೀಟಿಯಲ್ಲಿ ಮಾತ್ರೆಗಳ ಜೊತೆಗೇ ವ್ಯಾಯಾಮವನ್ನೂ ಬರೆಯಬೇಕು. ಬಾಯಲ್ಲಿ ಹೇಳಿದ್ದು ಮನೆ ಸೇರುವಷ್ಟರಲ್ಲಿ ಮರೆತುಹೋಗುತ್ತದೆ, ದೊಡ್ಡವರ ಮುಂದೆ ಅದು ನಿಲ್ಲುವುದೂ ಇಲ್ಲ. ಮುಂದಿನ ಸಲ ಹೋದಾಗ ಫಿಸಿಯೋಥೆರಪಿಸ್ಟ್ ಹತ್ತಿರ ಬರೆಸಿಕೊಳ್ಳಿ: ಯಾವ ವ್ಯಾಯಾಮ, ಎಷ್ಟು ಸಲ, ಎಷ್ಟು ತೂಕದ ತನಕ, ಬಿಗಿ ತೋಳು ಬೇಕಾ, ಯಾವ ಲಕ್ಷಣ ಕಂಡರೆ ನಿಲ್ಲಿಸಬೇಕು. ಆಗುವುದಾದರೆ ದೊಡ್ಡಮ್ಮನನ್ನೂ ಜೊತೆಗೆ ಕರೆದುಕೊಂಡು ಹೋಗಿ. ಅವರ ಅನುಮಾನಗಳನ್ನು ಅವರೇ ಕೇಳಲಿ.